ಎತ್ತಿನ ಹಿಂಡಿ, ಗಂಗಾಳದ ಹಿಂಡಿ

(ವನದುರ್ಗದಲ್ಲಿ ರೈತರ ಮುಂದೆ ಆಡಿದ ಮಾತಿನ ಬರಹರೂಪ)



ಬೆಲೆ, ಸಾಲ, ಜಪ್ತಿ, ಕಾಲುವೆ ನೀರು ಇವುಗಳ ಮಾತು ಆಡುವ ಜಾಗದಲ್ಲಿ ಊಟದ ಮಾತಿಗೇನು ಕೆಲಸ ಎಂದು ನೀವು ಕೇಳಬಹುದು. "ರೊಟ್ಟಿ ತಿನ್ನೋದು ನಮಗ ಯಾರೂ ಕಲಿಸಬೇಕಾಗಿಲ್ಲ" ಎಂದು ಹಿಂದೆ ಕೂತವರು ಅಂದರೂ ಅನ್ನಬಹುದು. ಖರೆ ಅದ. ರೊಟ್ಟಿ ತಿನ್ನೋದು ಕಲಿಸಲಿಕ್ಕೆ ನಾನು ಬಂದಿಲ್ಲ. ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಧಾರವಾಡಕ್ಕೆ ಹೋಗಿ ಆಹಾರಶಾಸ್ತ್ರ ಓದಿದ ಮೇಲೆ ಅದೇ ರೊಟ್ಟಿ, ಅದೇ ಬೇಳೆ, ಅದೇ ಕಣದ ರಾಶಿ ನನಗೆ ಬೇರೆಯಾಗಿ ಕಾಣತೊಡಗಿದವು. ಯಾಕೆ ಎಂಬುದನ್ನಷ್ಟೇ ಹೇಳುತ್ತೇನೆ. ಸರಿ ಕಂಡರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇಲ್ಲೇ ಜಗಳ ಆಡಿ.

ಮೊದಲಿಗೆ, ಈ ಶಾಸ್ತ್ರ ನಿಮಗೆ ಹೊಸದಲ್ಲ. ಬಿತ್ತಿಗೆ ಕೆಲಸ ಹತ್ತಿರ ಬಂತೆಂದರೆ ಎತ್ತಿಗೆ ಹಿಂಡಿ, ಹತ್ತಿಕಾಳು ಹಾಕಿ ಮೈ ತುಂಬಿಸುವವರು ನೀವು. ಗಬ್ಬದ ಎಮ್ಮೆಗೆ ಕಡೆಯ ತಿಂಗಳುಗಳಲ್ಲಿ ಹಾಲು ಬತ್ತಿಸಿ ಒಳ್ಳೆ ಮೇವು ಹಾಕುತ್ತೀರಿ. ಈದ ಮೇಲೆ ಮೊದಲ ಗಿಣ್ಣ ಕುಡಿಯದ ಕರು ಗಟ್ಟಿಯಾಗುವುದಿಲ್ಲ ಎಂಬುದು ಯಾವ ಪಶುವೈದ್ಯರೂ ನಿಮಗೆ ಹೇಳಬೇಕಾದದ್ದಲ್ಲ. ಆದರೆ ಅದೇ ಮನೆಯೊಳಗೆ ಬಸುರಿ ಸೊಸೆ ಇದ್ದರೆ ಏನು ಹೇಳುತ್ತೇವೆ? "ಭಾಳ ಉಣಬ್ಯಾಡವ್ವ, ಕೂಸು ದೊಡ್ಡದಾಗಿ ಹಡಿಯೂದು ಕಷ್ಟ ಆಗ್ತದ" ಎನ್ನುತ್ತೇವೆ. ಅದು ಉಷ್ಣ, ಇದು ತಂಪು ಎಂದು ಒಂದೊಂದೇ ಪದಾರ್ಥ ಗಂಗಾಳದಿಂದ ಎತ್ತಿಡುತ್ತೇವೆ. ಹಡೆದ ದಿನ ತಾಯಿಗೆ ಬರುವ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿದ ಮನೆಗಳು ಎಷ್ಟೋ ಇವೆ. ದವಾಖಾನೆಯ ಹೆರಿಗೆ ಹೆಚ್ಚಾದ ಮೇಲೆ ಇದು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಎಮ್ಮೆಯ ಗಿಣ್ಣವನ್ನು ಓಣಿಗೆಲ್ಲ ಹಂಚುವವರು ನಾವೇ, ತಾಯಿಯ ಗಿಣ್ಣವನ್ನು ಮಣ್ಣಿಗೆ ಹಾಕುವವರೂ ನಾವೇ. ಕೊಟ್ಟಿಗೆಯಲ್ಲಿ ಇರುವ ಬುದ್ಧಿ ಅಡಿಗೆಮನೆಯ ಹೊಸ್ತಿಲು ದಾಟುವಾಗ ಎಲ್ಲಿ ಹೋಗುತ್ತದೆ ಎಂಬುದು ಓದುವಾಗ ನನಗೆ ಹುಟ್ಟಿದ ಮೊದಲ ಪ್ರಶ್ನೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ನಮ್ಮ ಯಾದಗಿರಿ ಜಿಲ್ಲೆಯಲ್ಲಿ ಅದು ಅರ್ಧಕ್ಕೂ ಮೇಲೆ. "ನಮ್ಮ ಕಡೆ ಮಂದೀನೇ ಗಿಡ್ಡ" ಎಂದು ನಕ್ಕು ಬಿಡುತ್ತೇವೆ. ಹಾಗಿಲ್ಲ. ತಾಯಿಯ ಹೊಟ್ಟೆಯಲ್ಲಿ ಮತ್ತು ಹುಟ್ಟಿದ ಮೊದಲ ಎರಡು ವರ್ಷದಲ್ಲಿ ಸಿಗಬೇಕಾದದ್ದು ಸಿಗದಿದ್ದರೆ ಬೆಳವಣಿಗೆ ನಿಲ್ಲುತ್ತದೆ; ಆಮೇಲೆ ಹಾಕಿದ ಗೊಬ್ಬರ ತೆನೆ ಕಟ್ಟಿದ ಮೇಲೆ ಹಾಕಿದ ಹಾಗೆ. ಇದು ಭೂಮಿ ಇಲ್ಲದವರ ಮನೆಯ ಮಾತು ಮಾತ್ರ ಎಂದು ತಿಳಿಯಬೇಡಿ. ಹತ್ತು ಎಕರೆ ಇದ್ದವರ ಮನೆಯಲ್ಲೂ ಇಂಥ ಕೂಸುಗಳಿವೆ.

ಹೀಗೇಕೆ ಎಂಬುದಕ್ಕೆ ಒಂದು ರೋಗದ ಕಥೆ ಹೇಳುತ್ತೇನೆ. ನಾನು ಓದಿದ್ದರಲ್ಲಿ ನನ್ನ ತಲೆಯನ್ನು ತಿರುಗಿಸಿದ್ದು ಇದು. ನಮ್ಮ ಹತ್ತಿಗೂ ಸಾಲಕ್ಕೂ ಇದರ ಸಂಬಂಧವಿದೆ, ಆದ್ದರಿಂದ ಸ್ವಲ್ಪ ಉದ್ದವಾದರೂ ಕೇಳಿ.

ರೋಗದ ಹೆಸರು ಪೆಲಾಗ್ರಾ. ಬಿಸಿಲು ಬೀಳುವ ಕಡೆ, ಅಂದರೆ ಕುತ್ತಿಗೆಯ ಸುತ್ತ, ಕೈ, ಕಾಲಿನ ಮೇಲೆ ಚರ್ಮ ಸುಟ್ಟ ಹಾಗೆ ಕಪ್ಪಾಗಿ ಸುಲಿಯುತ್ತದೆ. ಭೇದಿ ಹಿಡಿಯುತ್ತದೆ. ಬಲಿತರೆ ತಲೆ ಕೆಡುತ್ತದೆ, ಜೀವವೂ ಹೋಗುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣದ ಹತ್ತಿ ಸೀಮೆಯಲ್ಲಿ ಇದು ಸಾವಿರಾರು ಜನರನ್ನು ಹಿಡಿಯಿತು. ಇದು ಅಂಟುರೋಗ, ಯಾವುದೋ ಕ್ರಿಮಿಯಿಂದ ಬರುತ್ತದೆ ಎಂದು ದೊಡ್ಡ ದೊಡ್ಡ ಡಾಕ್ಟರರೇ ನಂಬಿದ್ದರು. 1914ರಲ್ಲಿ ಅಲ್ಲಿನ ಸರ್ಕಾರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಕಳಿಸಿತು. ಅನಾಥಾಲಯಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳಿಗೆ ಈ ರೋಗ ಬರುತ್ತಿತ್ತು, ಅವರನ್ನು ನೋಡಿಕೊಳ್ಳುವ ನರ್ಸುಗಳಿಗೆ ಬರುತ್ತಿರಲಿಲ್ಲ. ಅಂಟುರೋಗವಾದರೆ ಹೀಗೇಕೆ? ಅವನು ಊಟ ನೋಡಿದ. ಹಾಲು, ಮೊಟ್ಟೆ, ಮಾಂಸ ಕೊಟ್ಟ ಕಡೆ ರೋಗ ನಿಂತಿತು. ಜನ ನಂಬಲಿಲ್ಲ. 1916ರಲ್ಲಿ ಅವನೂ ಅವನ ಜೊತೆಗಾರರೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡು, ಹೇಳಲು ಹೇಸಿಗೆಯಾಗುವಂಥದ್ದನ್ನೂ ನುಂಗಿ ತೋರಿಸಿದರು. ಯಾರಿಗೂ ರೋಗ ಬರಲಿಲ್ಲ.

ನನಗೆ ಮುಖ್ಯ ಅನಿಸಿದ್ದು ಮುಂದಿನ ಮಾತು. ಗೋಲ್ಡ್‌ಬರ್ಗರ್ ಒಬ್ಬ ಅರ್ಥಶಾಸ್ತ್ರಜ್ಞನನ್ನು ಜೊತೆಗೆ ಕರೆದುಕೊಂಡ. ಅವನ ಹೆಸರು ಸೈಡನ್‌ಸ್ಟ್ರಿಕರ್. ಇಬ್ಬರೂ ಸೌತ್ ಕೆರೊಲಿನಾದ ಬಟ್ಟೆ ಗಿರಣಿಗಳ ಊರುಗಳಲ್ಲಿ ಮನೆ ಮನೆಯ ಆದಾಯ, ಮನೆ ಮನೆಯ ಊಟ ಬರೆದರು. ಆದಾಯ ಇಳಿದಂತೆ ರೋಗ ಏರುತ್ತಿತ್ತು. ಹೊಲಗಳಲ್ಲೋ, ಮನೆಯ ಬಾಗಿಲ ತನಕ ಹತ್ತಿ. ಕಾಯಿಪಲ್ಲೆಗೆ ಜಾಗವಿಲ್ಲ, ಆಕಳಿಗೆ ಮೇವಿಲ್ಲ. ಕೋರಿನ ಒಕ್ಕಲು ಹತ್ತಿ ಬರುವ ತನಕ ಅಂಗಡಿಯಲ್ಲಿ ಉದ್ರಿ ತರಬೇಕು. ಉದ್ರಿಗೆ ಸಿಗುವುದು ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು. 1920ರಲ್ಲಿ ಹತ್ತಿಯ ಬೆಲೆ ನೆಲಕ್ಕೆ ಬಿತ್ತು. ಈ ರೋಗ ಮತ್ತೆ ಹೆಚ್ಚುತ್ತದೆ ಎಂದು ಮರುವರ್ಷ ಎಚ್ಚರಿಸಿದಾಗ ಅಲ್ಲಿನ ಮುಖಂಡರು "ನಮ್ಮ ಸೀಮೆಗೆ ಅವಮಾನ" ಎಂದು ಸಿಟ್ಟಾದರು. (ಈ ಸಿಟ್ಟು ನಮಗೂ ಪರಿಚಯ ಇಲ್ಲದ್ದಲ್ಲ.) ಆ ಊಟದಲ್ಲಿ ಕಡಿಮೆ ಬಿದ್ದ ವಸ್ತು ನಿಯಾಸಿನ್ ಎಂಬ ಜೀವಸತ್ವ ಎಂಬುದು ಖಚಿತವಾದದ್ದು 1937ರಲ್ಲಿ. ಆದರೆ ರೋಗದ ಬೇರು ಉದ್ರಿ ಪುಸ್ತಕದಲ್ಲಿದೆ ಎಂಬುದನ್ನು ಆ ಇಬ್ಬರು ಅದಕ್ಕೂ ಮೊದಲೇ ಬರೆದಿಟ್ಟಿದ್ದರು.

ಇದು ದೂರದ ದೇಶದ ಕಥೆಯಲ್ಲವೇ ಎನ್ನಬೇಡಿ. ಮೆಕ್ಕೆಜೋಳ ತಿನ್ನುವವರಿಗೆ ಬರುವ ಈ ರೋಗ ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳ ತಿನ್ನುವವರಲ್ಲಿ ಕಾಣಿಸಿತು. ಹೈದರಾಬಾದಿನ ಆಸ್ಪತ್ರೆಗಳಿಗೆ ಇಂಥ ರೋಗಿಗಳು ಬರುತ್ತಿದ್ದರು. 1956ರ ತನಕ ನಮ್ಮ ಸೀಮೆಯೂ ಹೈದರಾಬಾದ್ ರಾಜ್ಯದಲ್ಲೇ ಇತ್ತು, ನಮ್ಮ ಊಟವೂ ಅದೇ ಜೋಳ. ಕೂನೂರಿನಲ್ಲಿ 1918ರಲ್ಲಿ ಸಣ್ಣದಾಗಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಸಂಸ್ಥೆ, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ, ಇದನ್ನು ಕೈಗೆತ್ತಿಕೊಂಡಿತು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಅತಿಯಾಗಿರುವುದರಿಂದ ಮೈಯಲ್ಲಿ ನಿಯಾಸಿನ್ನಿನ ಲೆಕ್ಕ ತಪ್ಪುತ್ತದೆ ಎಂದು ಪ್ರತಿಪಾದಿಸಿದರು. ಆ ವಿವರಣೆಯ ಮೇಲೆ ವಿಜ್ಞಾನಿಗಳಲ್ಲಿ ವಾದ ನಡೆದಿದೆ. ನಮಗೆ ಬೇಕಾದ ಮಾತು ಇಷ್ಟು: ರೋಗ ಬಂದದ್ದು ಜೋಳ ತಿಂದವರಿಗೆ ಎಲ್ಲರಿಗೂ ಅಲ್ಲ. ಜೋಳ ಬಿಟ್ಟು ಬೇರೇನೂ ಸಿಗದ ಬಡವರಿಗೆ. ತಪ್ಪು ಜೋಳದ್ದಲ್ಲ, ಬರೀ ಜೋಳದ್ದು.

ಬರೀ ಜೋಳಕ್ಕೇನು ಕಡಿಮೆ? ಜೋಳದಲ್ಲಿ ನೂರು ಗ್ರಾಮಿಗೆ ಹತ್ತು ಗ್ರಾಮಿನಷ್ಟು ಪ್ರೋಟೀನ್ ಇದೆ, ಪಾಲಿಶ್ ಅಕ್ಕಿಗಿಂತ ಹೆಚ್ಚೇ. ಆದರೆ ಆ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಸಾಲದು. ತೊಗರಿಯಲ್ಲಿ ಅದು ಬೇಕಾದಷ್ಟಿದೆ. ಒಂದು ಎತ್ತು ಕುಂಟಿದರೆ ನೊಗ ಮುಂದೆ ಹೋಗುವುದಿಲ್ಲವಲ್ಲ, ಹಾಗೆಯೇ ಇವೆರಡು ದಿನದ ಊಟದಲ್ಲಿ ಕೂಡಿದರೆ ಮೈ ಕಟ್ಟುವ ಕೆಲಸ ಸರಿಯಾಗಿ ನಡೆಯುತ್ತದೆ. ಇನ್ನು ನಿಯಾಸಿನ್ ಎಲ್ಲಿದೆ? ಶೇಂಗಾದಲ್ಲಿ ಧಾರಾಳ ಇದೆ. ನಮ್ಮ ಅವ್ವಂದಿರು ರೊಟ್ಟಿಯ ಮಗ್ಗಲಿಗೆ ಇಡುವ ಶೇಂಗಾ ಹಿಂಡಿ ಬಾಯಿರುಚಿಗೆ ಎಂದುಕೊಂಡಿದ್ದೆವು. ಎತ್ತಿಗೆ ಒಂದು ಹಿಂಡಿ, ಗಂಗಾಳಕ್ಕೆ ಒಂದು ಹಿಂಡಿ, ಎರಡೂ ಮಾಡುವ ಕೆಲಸ ಒಂದೇ ಜಾತಿಯದು. ಎಳ್ಳಿನಲ್ಲಿ ನೂರು ಗ್ರಾಮಿಗೆ ಸಾವಿರ ಮಿಲಿಗ್ರಾಂ ದಾಟಿ ಸುಣ್ಣದ ಅಂಶ ಇದೆ, ಹಾಲಿನಲ್ಲಿ ಅಷ್ಟೇ ತೂಕಕ್ಕೆ ನೂರಿಪ್ಪತ್ತು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಏನೇನು ಕಟ್ಟಿಕೊಂಡು ಹೋಗುತ್ತೀರಿ, ನೆನಪು ಮಾಡಿಕೊಳ್ಳಿ. ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಹಸಿ ಕಾಳು ಸೊಪ್ಪು ಎಲ್ಲ ಕೂಡಿಸಿ ಕುದಿಸಿದ ಬಜ್ಜಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಅಂಬಲಿ, ಮೊಸರು. ನನ್ನ ಪಠ್ಯಪುಸ್ತಕದ ಕೋಷ್ಟಕವನ್ನು ಬುಟ್ಟಿಯಲ್ಲಿ ತುಂಬಿದ ಹಾಗಿದೆ ಅದು. ಹಾಗೆಂದು ನಮ್ಮ ಹಿರಿಯರಿಗೆ ಲೈಸಿನ್ನೂ ನಿಯಾಸಿನ್ನೂ ಗೊತ್ತಿತ್ತು ಎಂದು ಭಾಷಣ ಮಾಡುವವರ ಪೈಕಿ ನಾನಲ್ಲ. ಆ ಬುಟ್ಟಿ ವರ್ಷಕ್ಕೊಂದು ದಿನದ್ದು. ಉಳಿದ ದಿನ ಬಹಳ ಮನೆಗಳಲ್ಲಿ ರೊಟ್ಟಿ, ಖಾರ, ಉಳ್ಳಾಗಡ್ಡಿ. ಹಳೆಯ ಕಾಲವೆಲ್ಲ ಬಂಗಾರವಾಗಿದ್ದರೆ ಆ ಚರ್ಮ ಸುಲಿದ ರೋಗಿಗಳು ಎಲ್ಲಿಂದ ಬರುತ್ತಿದ್ದರು?

ಈಗ ಪೆಲಾಗ್ರಾ ಕಾಣುವುದಿಲ್ಲ. ರೇಷನ್ ಅಕ್ಕಿ ಬಂದು ಬರೀ ಜೋಳದ ಊಟ ತಪ್ಪಿದ್ದೂ ಇದಕ್ಕೆ ಒಂದು ಕಾರಣ ಎನ್ನುತ್ತಾರೆ. ಆದ್ದರಿಂದ ಅಕ್ಕಿಯನ್ನು ಬೈಯುವುದು ನನ್ನ ಕೆಲಸವಲ್ಲ. ಆದರೆ 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಹರಿದ ಮೇಲೆ ಶಹಾಪುರ, ಸುರಪುರದ ಭೂಮಿಯಲ್ಲಿ ಭತ್ತ, ಹತ್ತಿ ಹಬ್ಬಿದವು. ಸಜ್ಜಿ, ನವಣಿ, ಹೆಸರು, ಮಡಕಿ ಹಿಂದೆ ಸರಿದವು. ಅಕ್ಕಿ ಅನ್ನ ಹಬ್ಬದ ದಿನದ ಗೌರವ ಆಗಿತ್ತು, ಅದು ದಿನದ ಊಟವಾದಾಗ ನಾವು ಮೇಲೇರಿದೆವು ಎನಿಸಿತು. ಸಜ್ಜಿಯಲ್ಲಿ ನೂರು ಗ್ರಾಮಿಗೆ ಆರು ಮಿಲಿಗ್ರಾಮಿಗೂ ಮೇಲೆ ಕಬ್ಬಿಣ, ಜೋಳದಲ್ಲಿ ನಾಲ್ಕರ ಆಸುಪಾಸು, ಪಾಲಿಶ್ ಅಕ್ಕಿಯಲ್ಲಿ ಒಂದೂ ಇಲ್ಲ. ಪಾಲಿಶ್ ಅಕ್ಕಿ ಮೂರು ಹೊತ್ತು, ಸಕ್ಕರೆ ಚಹಾ ನಾಲ್ಕು ಸಲ, ಟ್ರ್ಯಾಕ್ಟರ್ ಬಂದು ಮೈಮುರಿ ದುಡಿಮೆ ಕಡಿಮೆ. ದೇಶದಲ್ಲಿ ಹತ್ತು ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಲೆಕ್ಕ ಹೊರಬಿತ್ತು. ಅದೀಗ ಪಟ್ಟಣದವರ ರೋಗವಾಗಿ ಉಳಿದಿಲ್ಲ. ಅಜ್ಜನಿಗೆ ಸಕ್ಕರೆ, ಮೊಮ್ಮಗನಿಗೆ ಬೆಳವಣಿಗೆ ಇಲ್ಲ, ಎರಡೂ ಒಂದೇ ಮನೆಯಲ್ಲಿ.

ಇನ್ನು ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ತೊಗರಿ ರಾಶಿ ಆಗುತ್ತದೆ. ಅಡತಿ ಅಂಗಡಿಯ ಬಾಕಿ, ಬ್ಯಾಂಕಿನ ನೋಟೀಸು, ಕೈಗಡ. ಚೀಲಗಳು ಕಣದಿಂದಲೇ ಬಂಡಿ ಏರುತ್ತವೆ. ಮೂರು ತಿಂಗಳು ಕಳೆದ ಮೇಲೆ ಅದೇ ಮನೆಯ ಹುಡುಗ ಅಂಗಡಿಗೆ ಹೋಗಿ ಕಾಲು ಕಿಲೋ ಬೇಳೆ ತರುತ್ತಾನೆ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಗುರುತು ಸಿಕ್ಕ ಸೀಮೆಯ ಮಗ್ಗಲಲ್ಲೇ ಸಾರು ನೀರಾಗಿದೆ. ಶೇಂಗಾ ಮಾರಿ ತಾಳೆಎಣ್ಣೆ ತರುತ್ತೇವೆ. ಹಾಲು ಡೈರಿಗೆ ಹಾಕಿ ಕೂಸಿಗೆ ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುತ್ತೇವೆ.

ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯಂತೆ ದೊಡ್ಡವರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು, ಇಲ್ಲವೇ ಅದರ ಜಾಗದಲ್ಲಿ ಮೊಟ್ಟೆ, ಮೀನು, ಮಾಂಸ ಬೇಕು. ಆರು ಜನರ ಮನೆಗೆ ದಿನಕ್ಕೆ ಅರ್ಧ ಕಿಲೋ, ವರ್ಷಕ್ಕೆ 186 ಕಿಲೋ. ಅರ್ಧ ಪಾಲು ಹೆಸರು, ಕಡ್ಲಿ, ಅಲಸಂದಿಯದು ಎಂದು ಬಿಡಿ. ತೊಗರಿಬೇಳೆ 93 ಕಿಲೋ ಉಳಿಯಿತು. ಕ್ವಿಂಟಲ್ ತೊಗರಿಗೆ 70 ಕಿಲೋ ಬೇಳೆ ಎಂದು ಹಿಡಿದರೆ 1.3 ಕ್ವಿಂಟಲ್ ತೊಗರಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ, ಅಂದರೆ ಹತ್ತೂವರೆ ಸಾವಿರದ ಮಾಲು. ಒಂದು ಸಲ ಯಾದಗಿರಿಗೋ ಕಲಬುರಗಿಗೋ ರೋಗಿಯನ್ನು ಕರೆದುಕೊಂಡು ಹೋಗಿ ನಾಲ್ಕು ದಿನ ಇದ್ದು ಬಂದವರು ಈ ಹಣದ ಅಳತೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ನಮ್ಮ ಸಾಲದ ಪುಸ್ತಕದಲ್ಲಿ ಬೀಜ, ಗೊಬ್ಬರ, ಬೋರಿನ ಕೆಳಗೆ ದವಾಖಾನೆಯ ಸಾಲು ಇದ್ದೇ ಇರುತ್ತದೆ. ಅದನ್ನು ಹಣೆಬರಹದ ಖಾತೆಗೆ ಹಾಕುತ್ತೇವೆ.

ದವಾಖಾನೆ ಎಂದೆನಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಮೈಯಲ್ಲಿ ತ್ರಾಣ ಇಲ್ಲ ಎಂದು ಹೋಗುತ್ತೇವೆ, ಗ್ಲೂಕೋಸ್ ಬಾಟಲಿ ಹಚ್ಚುತ್ತಾರೆ, ನೂರಾರು ರೂಪಾಯಿ ಕೊಟ್ಟು ಬರುತ್ತೇವೆ. ಶೇಕಡಾ ಐದರ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿಯ ಬಲವೂ ಅದರಲ್ಲಿಲ್ಲ. ವಾಂತಿಭೇದಿಯಾಗಿ ನೀರು ಆರಿಹೋದಾಗ ಬಾಟಲಿ ಜೀವ ಉಳಿಸುತ್ತದೆ, ಅದು ಬೇರೆ. ಬರೀ ನಿತ್ರಾಣಕ್ಕೆ ಹಚ್ಚಿಸಿಕೊಂಡರೆ ರೊಟ್ಟಿಯನ್ನು ಸೂಜಿಯಲ್ಲಿ ಕೊಂಡ ಹಾಗೆ. ಮಕ್ಕಳ ಡಬ್ಬಿ ಪುಡಿಯ ಮಾತೂ ಹೀಗೆಯೇ. ಬಡಮಕ್ಕಳಿಗೆ ಪ್ರೋಟೀನ್ ಪುಡಿಯೇ ಕೊರತೆ ಎಂದು ಜಗತ್ತೆಲ್ಲ ಕೂಗುತ್ತಿದ್ದ ಕಾಲದಲ್ಲಿ ಗೋಪಾಲನ್ ಅವರ ಸಂಸ್ಥೆ ತೂಗಿ ನೋಡಿ, ಮೊದಲ ಕೊರತೆ ಊಟದ ಪ್ರಮಾಣದ್ದು, ಕಾಳುಬೇಳೆಯ ಅದೇ ಊಟವನ್ನು ಹೊಟ್ಟೆತುಂಬ ಕೊಟ್ಟರೆ ಪ್ರೋಟೀನೂ ಬಹುಪಾಲು ತುಂಬುತ್ತದೆ ಎಂದಿತು. ಒಂದು ವರ್ಷದ ಕೂಸಿನ ಹೊಟ್ಟೆ ಒಂದು ಹಿಡಿ. ನೀರುಗಂಜಿ ಎರಡು ಸಲ ಕೊಟ್ಟರೆ ಸಾಲದು. ಗಟ್ಟಿ ಅಂಬಲಿ, ಕಲಸಿದ ಬೇಳೆ, ಮೇಲೊಂದು ಚಮಚೆ ಎಣ್ಣೆ ಅಥವಾ ತುಪ್ಪ, ದಿನಕ್ಕೆ ನಾಲ್ಕೈದು ಸಲ ಬೇಕು. ಅದಕ್ಕೆ ದುಡ್ಡಿಗಿಂತ ಪುರುಸೊತ್ತು ಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ತಾಯಿಗೆ ಅದೇ ಇಲ್ಲ.

ತಾಯಿಯ ಮಾತು ಬಂತು. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಹೆಂಗಸಿಗೆ 29. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವವಳು ಅವಳು. ಊಟದ ಸರದಿಯಲ್ಲಿ ಕಡೆಯವಳೂ ಅವಳೇ. ತಳದ ಸಾರು, ಉಳಿದ ರೊಟ್ಟಿ. ಕರ್ನಾಟಕದ ನೂರು ಹೆಂಗಸರಲ್ಲಿ 48 ಮಂದಿಗೆ ರಕ್ತಹೀನತೆ ಎಂದರೆ ಆಶ್ಚರ್ಯವೇನು? ಪಲ್ಲೆಯ ಮೇಲೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಮೈಗೆ ಹತ್ತುತ್ತದೆ, ಉಂಡ ಬೆನ್ನಿಗೇ ಚಹಾ ಕುಡಿದರೆ ಹತ್ತುವುದಿಲ್ಲ. ಇದಕ್ಕೆ ಪೈಸೆ ಖರ್ಚಿಲ್ಲ. ನಿಮ್ಮ ಹೊಲದಲ್ಲಿ ಕಳೆ ತೆಗೆಯುವ ಕೂಲಿ ಹೆಣ್ಣುಮಕ್ಕಳ ಬುತ್ತಿಯನ್ನೂ ಒಮ್ಮೆ ಬಿಚ್ಚಿ ನೋಡಿ. ಕೂಲಿ ಹೆಚ್ಚಾಯಿತು ಎಂದು ನಾವು ಅನ್ನುವ ದಿನವೂ ಆ ಬುತ್ತಿಯಲ್ಲಿ ಬೇಳೆ ಇರುವುದಿಲ್ಲ.

ಶಾಲೆಯಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಒಲ್ಲದವರಿಗೆ ಬಾಳೆಹಣ್ಣು. ಗದ್ದಲ ಬಹಳ ಆಯಿತು. ತಿನ್ನುವವರು ತಿನ್ನಲಿ, ಒಲ್ಲದವರು ಹಾಲು ಕಾಳು ಹೆಚ್ಚು ಮಾಡಿಕೊಳ್ಳಲಿ. ಮಕ್ಕಳ ಗಂಗಾಳದ ಮೇಲೆ ದೊಡ್ಡವರ ಜಗಳ ಬೇಡ.

"ತಂಗಿ, ಚೀಲ ಇಟ್ಕೊ ಅಂತಿ, ಸಾಲದಾಂವ ಕಣದಾಗ ನಿಂತಾನ" ಎಂದು ನೀವು ಕೇಳುವುದು ನ್ಯಾಯ. ಹೊಂದದ ಬೆಲೆಗೆ ರಾಶಿಯನ್ನೆಲ್ಲ ಮಾರಿದರೂ ಸಾಲ ತೀರದವನಿಗೆ ಪೋಷಣೆಯ ಉಪದೇಶ ಮಾಡುವುದು ಗಾಯಕ್ಕೆ ಉಪ್ಪು. ಗೋಲ್ಡ್‌ಬರ್ಗರನಿಗೂ ಇದೇ ಗೋಡೆ ಅಡ್ಡ ಬಂತು. ಹಾಲು ಕುಡಿಯಿರಿ ಎಂದು ಹೇಳಿದರೆ ಸಾಲದು, ಆಕಳು ಕಟ್ಟಲು ನೆಲ, ಕೈಯಲ್ಲಿ ಕಾಸು ಇರಬೇಕು ಎಂದು ಅವನು ಕಂಡುಕೊಂಡ. ಹಾಗಾಗಿ ಬೆಲೆ ಕೇಳುವ ನಿಮ್ಮ ಮಾತಿಗೂ ನನ್ನ ಮಾತಿಗೂ ಜಗಳವಿಲ್ಲ. ಖರ್ಚಿನ ಪಟ್ಟಿ ಬರೆಯುವಾಗ ಬೀಜ, ಎಣ್ಣೆ, ಎತ್ತಿನ ಮೇವು ಬರೆಯುತ್ತೀರಿ; ಮನೆಯ ಆರು ಜನರ ವರ್ಷದ ಬೇಳೆ, ಎಣ್ಣೆ, ಹಾಲನ್ನೂ ಅದೇ ಪಟ್ಟಿಗೆ ಸೇರಿಸಿ ಬೆಲೆ ಕೇಳಿ. ಮತ್ತು ಬೆಲೆ ಬರುವ ತನಕ ಕಾಯಬೇಡಿ. ಹತ್ತಿಯ ಬದುವಿನಲ್ಲಿ ಎರಡು ಸಾಲು ಅಲಸಂದಿ, ಪುಂಡಿ, ಹಿತ್ತಲಲ್ಲಿ ಒಂದು ನುಗ್ಗಿ, ಒಂದು ಲಿಂಬಿ, ಡೈರಿಗೆ ಹೋಗುವ ಮುಂಚೆ ಒಂದು ಲೋಟ ಹಾಲು, ಇವಕ್ಕೆ ಯಾವ ಸಾವಕಾರನ ಅಪ್ಪಣೆಯೂ ಬೇಕಿಲ್ಲ. ಎಷ್ಟು ಚೀಲ ಒಳಗೆ, ಎಷ್ಟು ಹೊರಗೆ ಎಂಬುದನ್ನು ಈ ಸಲ ರಾಶಿಗೆ ಮುಂಚೆಯೇ ಗೊತ್ತು ಮಾಡಿ. ಗೊತ್ತು ಮಾಡುವಾಗ ಅಡಿಗೆ ಮಾಡುವವರು ಕಣದಲ್ಲಿ ಕೂತಿರಲಿ. ಡಬ್ಬಿಯ ಬೇಳೆ ಯಾವ ತಿಂಗಳಿಗೆ ತಳ ಕಾಣುತ್ತದೆ ಎಂಬುದು ಅವರಿಗೆ ಗೊತ್ತು, ನಿಮಗಲ್ಲ.

ನನ್ನ ಮಾತು ಇಷ್ಟೇ. ಕೇಳುವವರು ಕೇಳಬಹುದು. ಹಿಂದೆ ಗೋಡೆಗೆ ಆನಿ ಕೂತ ಅವ್ವಂದಿರು ಮೊದಲು ಕೇಳ್ರಿ, ಗಂಡಸರು ಆಮ್ಯಾಲೆ.